ಲ್ಯಾಬಿನ ವಿಂಡೋಸ್‌ಗೆ ಲೈಸೆನ್ಸ್ ಇದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಶಾಲೆ-ಕಾಲೇಜುಗಳಿಂದ ಈ ವಿಷಯದಲ್ಲಿ ಬಂದ ಪತ್ರಗಳನ್ನು ಒಟ್ಟುಗೂಡಿಸಿ ಈ ಸಲ ಉತ್ತರಿಸುತ್ತಿದ್ದೇವೆ. ಹೆಚ್ಚಿನವರು ಕೇಳಿರುವುದು ಏನು ಕೊಳ್ಳಬೇಕು ಎಂದು. ಕೊಳ್ಳುವ ಮೊದಲು ನಿಮ್ಮ ಬಳಿ ಈಗಾಗಲೇ ಏನಿದೆ ಎಂದು ನೋಡಿಕೊಳ್ಳಿ. ಎಷ್ಟೋ ಶಾಲೆಗಳು ತಮ್ಮದೇ ಆದ ಲೈಸೆನ್ಸನ್ನು ಅಳಿಸಿ ಹಾಕಿ, ಕಳ್ಳ ಪ್ರತಿ ತುಂಬಿಕೊಂಡು, ಈಗ ಮತ್ತೆ ದುಡ್ಡು ಕೊಡಲು ಹೊರಟಿವೆ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಮೂರು ಸಲ ಬೇರೆ ಬೇರೆ ಅಂಗಡಿಯಿಂದ ತಂದವು. ಎಲ್ಲದರಲ್ಲೂ ವಿಂಡೋಸ್ ಆಕ್ಟಿವೇಟ್ ಆಗಿದೆ ಎಂದೇ ತೋರಿಸುತ್ತದೆ. ಅಂದರೆ ಎಲ್ಲಕ್ಕೂ ಲೈಸೆನ್ಸ್ ಇದ್ದಂತೆಯೇ? ಹಳೆಯ ಕೆಲವದರ ಸ್ಟಿಕ್ಕರ್ ಅಳಿಸಿ ಹೋಗಿದೆ. (ಪ್ರೌಢಶಾಲೆ ಕಂಪ್ಯೂಟರ್ ಶಿಕ್ಷಕರು, ರಾಣೆಬೆನ್ನೂರು)

ಇಲ್ಲ. ಆಕ್ಟಿವೇಷನ್ ಒಂದು ತಾಂತ್ರಿಕ ಸ್ಥಿತಿ, ಲೈಸೆನ್ಸ್ ಎಂಬುದು ಬಳಸುವ ಹಕ್ಕು. ಬೈಕಿನ ಕೀಲಿ ಕೈಯಲ್ಲಿದ್ದ ಮಾತ್ರಕ್ಕೆ ಆರ್‌ಸಿ ನಿಮ್ಮ ಹೆಸರಿನಲ್ಲಿದೆ ಎಂದಾಗದು. ಹಕ್ಕಿಗೆ ಸಾಕ್ಷಿ ಎಂದರೆ ಖರೀದಿಯ ಬಿಲ್ಲು, ಯಂತ್ರದ ಮೇಲಿನ ಅಸಲಿ ಸ್ಟಿಕ್ಕರ್, ವಾಲ್ಯೂಮ್ ಲೈಸೆನ್ಸ್ (ಸಂಸ್ಥೆ ಹಲವು ಯಂತ್ರಗಳಿಗೆ ಒಟ್ಟಾಗಿ ಕೊಳ್ಳುವುದು) ಆದರೆ ಒಪ್ಪಂದದ ಸಂಖ್ಯೆ ಇರುವ ಪತ್ರ.

ಪ್ರತಿ ಯಂತ್ರದಲ್ಲೂ ಹೀಗೆ ಮಾಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್-ಎಲ್-ಎಂ-ಜಿ-ಆರ್ ಎಂದು ಒಟ್ಟಿಗೆ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಡಿ-ಎಲ್-ಐ ಎಂದು ಸೇರಿಸಿ ಎಂಟರ್ ಒತ್ತಿ. ಸಣ್ಣ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಡಿಸ್ಕ್ರಿಪ್ಷನ್ ಎಂಬ ಸಾಲಿನ ಕೊನೆಗಿರುವ ಚಾನೆಲ್ (ಲೈಸೆನ್ಸ್ ಬಂದ ದಾರಿ) ಹೆಸರನ್ನೂ, ಪಾರ್ಷಿಯಲ್ ಪ್ರಾಡಕ್ಟ್ ಕೀ (ಆಕ್ಟಿವೇಟ್ ಮಾಡುವ ಸಂಕೇತದ ಕೊನೆಯ ಭಾಗ) ಎಂಬಲ್ಲಿನ ಐದು ಅಕ್ಷರಗಳನ್ನೂ ಬರೆದುಕೊಳ್ಳಿ.

ಚಾನೆಲ್ 'ಓಇಎಂ ಡಿಎಂ' ಎಂದಿದ್ದರೆ ಕೀ ತಯಾರಕರೇ ಮದರ್‌ಬೋರ್ಡಿನಲ್ಲಿ ಬರೆದು ಕಳಿಸಿದ್ದು. ನಿಶ್ಚಿಂತೆ. 'ವಾಲ್ಯೂಮ್ ಮ್ಯಾಕ್' ಅಥವಾ 'ವಾಲ್ಯೂಮ್ ಕೆಎಂಎಸ್ ಕ್ಲೈಂಟ್' ಎಂದಿದ್ದರೆ ನಿಮ್ಮ ಸಂಸ್ಥೆ ಎಂದಾದರೂ ವಾಲ್ಯೂಮ್ ಒಪ್ಪಂದ ಮಾಡಿಕೊಂಡಿತ್ತೇ ಎಂದು ಆಫೀಸಿನಲ್ಲಿ ವಿಚಾರಿಸಿ. ಮಾಡಿಕೊಂಡಿಲ್ಲ ಎಂದಾದರೆ ಅದು ಅಂಗಡಿಯವರೋ ಲ್ಯಾಬ್ ಸಹಾಯಕರೋ ಆಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡುವ ಕಳ್ಳ ತಂತ್ರಾಂಶ) ಓಡಿಸಿ ತಂದ ಸ್ಥಿತಿ ಎಂದೇ ತಿಳಿಯಿರಿ. ಗೊಂದಲ ಹುಟ್ಟಿಸುವುದು 'ರಿಟೇಲ್' ಚಾನೆಲ್. ಐದು ಅಕ್ಷರ 3ವಿ66ಟಿ ಎಂದಿದ್ದರೆ ಅದು ಪ್ರೊ ಆವೃತ್ತಿಯ, 8ಎಚ್‌ವಿಎಕ್ಸ್7 ಎಂದಿದ್ದರೆ ಹೋಮ್ ಆವೃತ್ತಿಯ ಸಾರ್ವತ್ರಿಕ ಕೀ. ಡಿಜಿಟಲ್ ಲೈಸೆನ್ಸ್ (ಮೈಕ್ರೋಸಾಫ್ಟ್ ಸರ್ವರಿನಲ್ಲಿ ಯಂತ್ರದ ಹೆಸರಿಗೆ ದಾಖಲಾದದ್ದು) ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದೇ ಕಾಣುತ್ತದೆ. ವಿಂಡೋಸ್ 7ರಿಂದ ಉಚಿತವಾಗಿ ಮೇಲಕ್ಕೆ ಬಂದ ಯಂತ್ರದಲ್ಲಿ ಅದು ಸಹಜ, ಆದರೆ ಕೆಲವು ಕಳ್ಳ ಸ್ಕ್ರಿಪ್ಟ್‌ಗಳೂ ಇದೇ ರೂಪ ತರುತ್ತವೆ. ಆದ್ದರಿಂದ ಇಲ್ಲಿ ಪರದೆಯನ್ನು ನಂಬದೆ ಬಿಲ್ಲು ಹುಡುಕಬೇಕು.

ಮುಂದಿನ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಿಂಡೋಸ್ 8 ಬಂದ 2012ರಿಂದೀಚೆಗೆ ದೊಡ್ಡ ಕಂಪನಿಗಳು ವಿಂಡೋಸ್ ಸಮೇತ ಮಾರಿದ ಯಂತ್ರಗಳ ಫರ್ಮ್‌ವೇರ್‌ನಲ್ಲೇ (ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಮೂಲ ತಂತ್ರಾಂಶ) ಕೀ ಇರುತ್ತದೆ. ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ, ಬದಲಿಸಿದರೂ ಅದು ಹೋಗದು. ಪವರ್‌ಶೆಲ್‌ನಲ್ಲಿ ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಎಂಬ ವರ್ಗದಿಂದ ಓಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ ಎಂಬ ವಿವರವನ್ನು ಕೇಳಿದರೆ ಆ ಕೀ ಪೂರ್ತಿ ಕಾಣುತ್ತದೆ. ಅದರ ಜೊತೆಗಿರುವ ಡಿಸ್ಕ್ರಿಪ್ಷನ್ ವಿವರ ಯಾವ ಆವೃತ್ತಿಯದ್ದೆಂದು ಹೇಳುತ್ತದೆ. ಖಾಲಿ ಬಂದರೆ ಫರ್ಮ್‌ವೇರ್‌ನಲ್ಲಿ ಕೀ ಇಲ್ಲ.

ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಯಂತ್ರ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಲೈಸೆನ್ಸ್ ಸಮೇತ ಬಂದಿರುತ್ತದೆ. ಒಂದೆರಡು ವರ್ಷದ ಮೇಲೆ ವೈರಸ್ ಬಂತೆಂದು ಯಾರೋ ಪೆನ್‌ಡ್ರೈವ್‌ನಿಂದ ಕಳ್ಳ ಪ್ರೊ ತುಂಬಿರುತ್ತಾರೆ. ಆ ಪ್ರೊ ಅಕ್ರಮ, ಆದರೆ ಹೋಮ್ ಲೈಸೆನ್ಸ್ ಇನ್ನೂ ನಿಮ್ಮದೇ. ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಸಿದ್ಧಮಾಡಿ, ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸಿ ಹೊಸದಾಗಿ ಹಾಕಿದರೆ ಇನ್‌ಸ್ಟಾಲರ್ ಫರ್ಮ್‌ವೇರ್‌ನ ಕೀ ಓದಿಕೊಂಡು, ಆವೃತ್ತಿ ಯಾವುದೆಂದು ಕೇಳದೆ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಅನ್ನೇ ಹಾಕುತ್ತದೆ. ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಒಂದು ರೂಪಾಯಿಯೂ ಖರ್ಚಿಲ್ಲ. ಪಾರ್ಟಿಷನ್ ಅಳಿಸಲು ಹೇಳಿದ್ದಕ್ಕೆ ಕಾರಣವಿದೆ: ಆಕ್ಟಿವೇಟರ್‌ಗಳು ಟಾಸ್ಕ್ ಷೆಡ್ಯೂಲರ್‌ನಲ್ಲಿ ಕೆಲಸ ನೆಟ್ಟಿರುತ್ತವೆ, ಆಂಟಿವೈರಸ್‌ಗೆ 'ಈ ಫೋಲ್ಡರ್ ನೋಡಬೇಡ' ಎಂದು ಹೇಳಿಟ್ಟಿರುತ್ತವೆ. ಮೇಲ್ಮೇಲೆ ತೆಗೆದರೆ ಅವು ಉಳಿದೇ ಇರುತ್ತವೆ.

ಎಲ್ಲ ನೋಡಿದ ಮೇಲೆ ದಾಸ್ತಾನು ರಿಜಿಸ್ಟರಿನಲ್ಲಿ ಪ್ರತಿ ಯಂತ್ರಕ್ಕೆ ಒಂದು ಸಾಲು ಇರಲಿ: ಸೀರಿಯಲ್ ನಂಬರು, ಬಿಲ್ಲಿನ ನಂಬರು ಮತ್ತು ದಿನಾಂಕ, ಬಂದಾಗಿನ ಆವೃತ್ತಿ, ಈಗಿನ ಆವೃತ್ತಿ, ಚಾನೆಲ್, ಕೀಯ ಕೊನೆಯ ಐದು ಅಕ್ಷರ. ಸ್ಟಿಕ್ಕರ್ ಇದ್ದರೆ ಇವತ್ತೇ ಫೋಟೊ ತೆಗೆದಿಡಿ. ಧೂಳು, ಒರೆಸುವ ಬಟ್ಟೆ, ಮಕ್ಕಳ ಉಗುರು ಸೇರಿ ಅದು ಹೆಚ್ಚು ದಿನ ಬಾಳುವುದಿಲ್ಲ.

ಪ್ರಶ್ನೆ: ಹೊಸ ಲ್ಯಾಬಿಗೆ 30 ಯಂತ್ರ ಬೇಕಾಗಿವೆ. ಒಬ್ಬ ಪೂರೈಕೆದಾರರು 'ಡಾಸ್ ಮಷಿನ್ ತಗೊಳ್ರಿ, ಅಗ್ಗ ಆಗ್ತದ. ಮ್ಯಾಲ ಅಕಾಡೆಮಿಕ್ ಲೈಸೆನ್ಸ್ ಹಾಕಿಸಿದ್ರಾತು' ಎನ್ನುತ್ತಾರೆ. ಲೆಕ್ಕ ಸರಿಯೇ? (ಪದವಿ ಕಾಲೇಜು ಕಚೇರಿ ಅಧೀಕ್ಷಕರು, ಧಾರವಾಡ)

ಸರಿಯಲ್ಲ. ಈ ಲೆಕ್ಕ ನಂಬಿ ಎಡವುವ ಕಾಲೇಜುಗಳು ಬಹಳ.

ಡೆಸ್ಕ್‌ಟಾಪ್ ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್, ಅಕಾಡೆಮಿಕ್ ಆಗಲಿ ಮತ್ತೊಂದಾಗಲಿ, ಅಪ್‌ಗ್ರೇಡ್ ಲೈಸೆನ್ಸ್ ಮಾತ್ರ. ಅದರ ಕೆಳಗೆ ಆ ಯಂತ್ರಕ್ಕೆ ಒಂದು ಮೂಲ ಲೈಸೆನ್ಸ್ ಇರಲೇಬೇಕು. ಡಾಸ್ ಎಂದು, ಅಂದರೆ ವಿಂಡೋಸ್ ಇಲ್ಲದೆ, ಮಾರುವ ಯಂತ್ರಕ್ಕೆ ಮೂಲ ಲೈಸೆನ್ಸೇ ಇರುವುದಿಲ್ಲ. ಅದರ ಮೇಲೆ ವಿಂಡೋಸ್ 11 ಎಜುಕೇಶನ್ ಕೀ ಹಾಕಿದರೆ ಆಕ್ಟಿವೇಟ್ ಆಗುತ್ತದೆ, ಪರದೆ ಏನೂ ದೂರುವುದಿಲ್ಲ, ತಪಾಸಣೆಯ ದಿನ ಮಾತ್ರ 30 ಯಂತ್ರಕ್ಕೂ ಲೈಸೆನ್ಸ್ ಅರ್ಧ ಎಂದು ಗೊತ್ತಾಗುತ್ತದೆ.

ಶಿಕ್ಷಣ ಸಂಸ್ಥೆಗಳಿಗೆ ಇಲ್ಲೊಂದು ರಿಯಾಯಿತಿ ಇದೆ. ಕಂಪನಿಗಳು ವಾಲ್ಯೂಮ್ ಅಪ್‌ಗ್ರೇಡ್ ಕೊಳ್ಳಬೇಕಾದರೆ ಕೆಳಗೆ ಪ್ರೊ ಇರಬೇಕು, ಅಕಾಡೆಮಿಕ್ ಒಪ್ಪಂದದಲ್ಲಿ ಹೋಮ್ ಇದ್ದರೂ ನಡೆಯುತ್ತದೆ. ಹಾಗಾಗಿ ತಯಾರಕರೇ ಹೋಮ್ ಹಾಕಿ ಕಳಿಸಿದ ಯಂತ್ರ ಮತ್ತು ಅದರ ಮೇಲೆ ಅಕಾಡೆಮಿಕ್ ಅಪ್‌ಗ್ರೇಡ್ ಎಂಬ ಜೋಡಿ ಕಾಲೇಜಿಗೆ ಕಾನೂನುಬದ್ಧ ದಾರಿ. ಇನ್ನೊಂದು ದಾರಿಯೂ ಇದೆ. ಶಿಕ್ಷಣ ಸಂಸ್ಥೆಗಳಿಗೆಂದೇ ತಯಾರಕರು ರಿಯಾಯಿತಿ ದರದ 'ಪ್ರೊ ನ್ಯಾಷನಲ್ ಅಕಾಡೆಮಿಕ್' ಲೈಸೆನ್ಸ್ ಸಮೇತ ಯಂತ್ರ ಕೊಡುತ್ತಾರೆ. ಅಂಗಡಿಯ ಕಪಾಟಿನಲ್ಲಿ ಅದು ಸಿಗದು, ಆರ್ಡರ್ ಕೊಡುವಾಗಲೇ ಕೇಳಬೇಕು. ಮೂವತ್ತು ಯಂತ್ರದ ಖರೀದಿಗೆ ನಮ್ಮ ಸಲಹೆ ಇದೇ.

ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಾಗಲಿ ಕೊಟೇಶನ್ ಕರೆದಾಗಲಿ ಕೊಳ್ಳುವಾಗ ಬರೀ 'ವಿಂಡೋಸ್ ಸಮೇತ' ಎಂದು ಬರೆಯಬೇಡಿ. 'ಯಂತ್ರ ತಯಾರಕರೇ ಕಾರ್ಖಾನೆಯಲ್ಲಿ ಸ್ಥಾಪಿಸಿದ, ಫರ್ಮ್‌ವೇರ್‌ನಲ್ಲಿ ಕೀ ಇರುವ, ವಿಂಡೋಸ್ 11ರ ಇಂಥ ಆವೃತ್ತಿ' ಎಂದು ಬರೆಯಿರಿ. ಬಿಲ್ಲಿನಲ್ಲೂ ಆವೃತ್ತಿಯ ಹೆಸರು ಬರಲಿ. ಮಾಲು ಬಂದ ದಿನ ಹಣ ಬಿಡುಗಡೆಗೆ ಸಹಿ ಹಾಕುವ ಮೊದಲು ನಾಲ್ಕಾರು ಯಂತ್ರ ತೆಗೆದು ಮೊದಲ ಉತ್ತರದಲ್ಲಿ ಹೇಳಿದ ಪವರ್‌ಶೆಲ್ ಪರೀಕ್ಷೆ ಮಾಡಿ. ಡಾಸ್ ಯಂತ್ರ ತಂದು ಮೇಲೆ ವಿಂಡೋಸ್ ತುಂಬಿ ಕೊಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಫರ್ಮ್‌ವೇರ್ ಖಾಲಿ ಇರುತ್ತದೆ.

ಡಾಸ್ ಯಂತ್ರ ಈಗಾಗಲೇ ಕೊಂಡುಬಿಟ್ಟಿದ್ದರೆ ಸರಿಪಡಿಸಲು 'ಗೆಟ್ ಜೆನ್ಯುಯಿನ್ ವಿಂಡೋಸ್ ಅಗ್ರಿಮೆಂಟ್' ಎಂಬ ವ್ಯವಸ್ಥೆ ಇದೆ. ಮೂಲ ಲೈಸೆನ್ಸ್ ಇಲ್ಲದ ಯಂತ್ರಗಳಿಗೆ ಒಟ್ಟಾಗಿ ಮೂಲ ಲೈಸೆನ್ಸ್ ಕೊಡುವ ಒಪ್ಪಂದ ಅದು. ಅಧಿಕೃತ ವಾಲ್ಯೂಮ್ ಮಾರಾಟಗಾರರ ಮೂಲಕವೇ ಆಗಬೇಕು. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವ ಕೀ ಈ ಕೆಲಸಕ್ಕೆ ಬರುವುದಿಲ್ಲ. ಅವುಗಳಲ್ಲಿ ಹಲವು ಬೇರೆಲ್ಲೋ ಸಂಸ್ಥೆಯಿಂದ ಸೋರಿದ ವಾಲ್ಯೂಮ್ ಕೀಗಳು. ಇಂದು ಆಕ್ಟಿವೇಟ್ ಆಗುತ್ತವೆ, ಮೈಕ್ರೋಸಾಫ್ಟ್ ಆ ಕೀ ತಡೆದ ದಿನ ಇಡೀ ಲ್ಯಾಬಿನ ಆಕ್ಟಿವೇಷನ್ ಒಟ್ಟಿಗೆ ಹೋಗಬಹುದು.

ಇದಕ್ಕೆ ಸೇರಿದ ಇನ್ನೊಂದು ಮಾತು. ಒಂದು ಯಂತ್ರ ಸಿದ್ಧಮಾಡಿ ಉಳಿದ 29ಕ್ಕೆ ಇಮೇಜ್ (ಅದರ ಡಿಸ್ಕಿನ ಯಥಾಪ್ರತಿ) ಹೊಡೆಯುವ ಹಕ್ಕು ತಯಾರಕರ ಲೈಸೆನ್ಸ್ ಜೊತೆ ಬರುವುದಿಲ್ಲ. ಆದರೆ ಅದೇ ಉತ್ಪನ್ನದ, ಅದೇ ಆವೃತ್ತಿಯ ಒಂದು ವಾಲ್ಯೂಮ್ ಲೈಸೆನ್ಸ್ ಸಂಸ್ಥೆಯ ಬಳಿ ಇದ್ದರೆ ವಾಲ್ಯೂಮ್ ಮೀಡಿಯಾದಿಂದ ಎಲ್ಲ ಯಂತ್ರಕ್ಕೂ ಇಮೇಜ್ ಹಾಕಬಹುದು. ಮೂವತ್ತಕ್ಕೂ ಬೇಕಿಲ್ಲ, ಒಂದು ಸಾಕು.

ಪ್ರಶ್ನೆ: ಶಾಲಾ ಲ್ಯಾಬಿಗೆ ಪ್ರೊ ಬೇಕೇ, ಹೋಮ್ ಸಾಕೇ? (ಹಾನಗಲ್)

ಸರ್ವರ್, ಡೊಮೇನ್ (ಸರ್ವರಿನಿಂದ ಎಲ್ಲ ಯಂತ್ರ, ಖಾತೆ ನಿಭಾಯಿಸುವ ಜಾಲ) ಇಲ್ಲದ 15-20 ಯಂತ್ರದ ಶಾಲೆಗೆ ಹೋಮ್ ಸಾಕು. ವಿಂಡೋಸ್ ಹೋಮ್ ಅನ್ನು ಸಂಸ್ಥೆಯಲ್ಲಿ ಬಳಸಬಾರದು ಎಂಬ ನಿಯಮವಿಲ್ಲ. ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ ಎಂಬುದಕ್ಕಿದ್ದ ನಿರ್ಬಂಧವನ್ನು ಜನ ವಿಂಡೋಸ್‌ಗೂ ಹಚ್ಚಿ ಮಾತಾಡುತ್ತಾರೆ. ಡೊಮೇನ್‌ಗೆ ಸೇರಿಸುವುದು, ಗ್ರೂಪ್ ಪಾಲಿಸಿಯಿಂದ ಎಲ್ಲ ಯಂತ್ರವನ್ನೂ ಒಂದೇ ಕಡೆಯಿಂದ ಬಿಗಿ ಮಾಡುವುದು, ದೂರದಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪ್ರವೇಶಿಸುವುದು ಹೋಮ್‌ನಲ್ಲಿ ಆಗದು. ಇವು ಬೇಕಾದವರು ಪ್ರೊ ನೋಡಿ. ಹೋಮ್ ಬಳಸುವ ಶಾಲೆ ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಲಿ. ಅರ್ಧ ತೊಂದರೆ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಂದು ಸಿಪಿಯುಗೆ ಆರು ಮಾನಿಟರ್, ಆರು ಕೀಬೋರ್ಡ್ ಜೋಡಿಸಿದ್ದಾರೆ. ಒಳಗೆ ವಿಂಡೋಸ್ 10 ಪ್ರೊ ಒಂದೇ ಇದೆ. ಒಂದು ಯಂತ್ರ ಎಂದಮೇಲೆ ಒಂದು ಲೈಸೆನ್ಸ್ ಸಾಕಲ್ಲವೇ? (ಮುಖ್ಯ ಶಿಕ್ಷಕರು, ಮುಂಡರಗಿ ತಾಲ್ಲೂಕು)

ಸಾಲದು. ಡೆಸ್ಕ್‌ಟಾಪ್ ವಿಂಡೋಸ್ ಯಾವ ಆವೃತ್ತಿಯಾದರೂ ಒಂದು ಹೊತ್ತಿಗೆ ಒಬ್ಬರು ಬಳಸಲು ಮಾತ್ರ ಪರವಾನಗಿ ಕೊಡುತ್ತದೆ. ಆರು ಪ್ರೊ ಕೊಂಡು ಅದೇ ಡಬ್ಬಿಗೆ ಲೆಕ್ಕ ಹಿಡಿದರೂ ಸರಿಹೋಗದು, ಏಕೆಂದರೆ ಬಹುಬಳಕೆಯ ಹಕ್ಕು ಆ ಉತ್ಪನ್ನದಲ್ಲೇ ಇಲ್ಲ. ಇಂಥ ಜೋಡಣೆಗಳು ಹೆಚ್ಚಾಗಿ ಪ್ಯಾಚ್ ಮಾಡಿದ ಫೈಲ್ ಮೇಲೆ ನಡೆಯುತ್ತಿರುತ್ತವೆ. ಒಂದು ವಿಂಡೋಸ್ ಅಪ್‌ಡೇಟ್ ಬಂದರೆ ಐದು ಪರದೆ ಕಪ್ಪಾಗುವುದು ಇದೇ ಕಾರಣಕ್ಕೆ. ಆಮೇಲೆ ಅಪ್‌ಡೇಟನ್ನೇ ನಿಲ್ಲಿಸಿಬಿಡುತ್ತಾರೆ, ಯಂತ್ರ ಸೋಂಕಿಗೆ ತೆರೆದುಕೊಳ್ಳುತ್ತದೆ.

ಕ್ರಮಬದ್ಧವಾಗಿ ಮಾಡಲು ವಿಂಡೋಸ್ ಸರ್ವರ್ ಬೇಕು. ಅದರ ಲೈಸೆನ್ಸ್ ಪ್ರೊಸೆಸರಿನ ಕೋರ್ ಲೆಕ್ಕದಲ್ಲಿದೆ; ಯಂತ್ರದಲ್ಲಿ ಆರೇ ಕೋರ್ ಇದ್ದರೂ ಕನಿಷ್ಠ 16 ಕೋರ್‌ಗೆ ಕೊಳ್ಳಬೇಕು. ಜೊತೆಗೆ ಪ್ರತಿ ಆಸನಕ್ಕೆ ಒಂದು ಸರ್ವರ್ ಕ್ಯಾಲ್ (ಸರ್ವರ್ ಬಳಸುವ ಪರವಾನಗಿ), ಒಂದು ರಿಮೋಟ್ ಡೆಸ್ಕ್‌ಟಾಪ್ ಕ್ಯಾಲ್. ಕ್ಯಾಲ್ ಎರಡು ಬಗೆ, ಬಳಕೆದಾರರ ಲೆಕ್ಕ ಮತ್ತು ಸಾಧನದ ಲೆಕ್ಕ. ಮುನ್ನೂರು ಮಕ್ಕಳು ಪಾಳಿಯಲ್ಲಿ ಆರು ಆಸನ ಬಳಸುವಲ್ಲಿ ಬಳಕೆದಾರರ ಲೆಕ್ಕ ಹಿಡಿದರೆ 300 ಕ್ಯಾಲ್ ಆದೀತು. ಸಾಧನದ ಲೆಕ್ಕದಲ್ಲಿ ಆರೇ ಸಾಕು. ಡೊಮೇನ್ ಇಲ್ಲದ ಸಣ್ಣ ಶಾಲೆಗೆ ಸಾಧನದ ಮಾದರಿಯೇ ತಕ್ಕದ್ದು.

ರಿಮೋಟ್ ಡೆಸ್ಕ್‌ಟಾಪ್ ಸೇವೆ ಕ್ಯಾಲ್ ಇಲ್ಲದೆಯೂ ಮೊದಲ 120 ದಿನ ಓಡುತ್ತದೆ. ಆಮೇಲೆ ಹೊಸ ಸಂಪರ್ಕವನ್ನು ನಿರಾಕರಿಸುತ್ತದೆ. ಜೂನ್‌ನಲ್ಲಿ ಜೋಡಿಸಿಕೊಟ್ಟ ಲ್ಯಾಬ್ ದಸರಾ ಹೊತ್ತಿಗೆ ನಿಂತರೆ ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಬೇಡಿ, ಕ್ಯಾಲ್ ಹಾಕಿಲ್ಲ ಎಂದರ್ಥ. ಶಾಲೆಗಳಿಗೆಂದೇ ಇದ್ದ ಮಲ್ಟಿಪಾಯಿಂಟ್ ಸರ್ವರ್ 2016ರ ಆವೃತ್ತಿಯವರೆಗೆ ಇತ್ತು, ಸರ್ವರ್ 2019ರಿಂದ ತೆಗೆದುಹಾಕಿದ್ದಾರೆ. ಯಾರಾದರೂ ಅದರ ಕೊಟೇಶನ್ ಕೊಟ್ಟರೆ ಒಪ್ಪಬೇಡಿ.

ನಿಮ್ಮ ಸ್ಥಿತಿಯಲ್ಲಿ ಆರು ಆಸನಕ್ಕೆ ಇಷ್ಟೆಲ್ಲ ಖರ್ಚು ನ್ಯಾಯವಲ್ಲ ಎಂದೇ ನಮಗನಿಸುತ್ತದೆ. ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಏಕಕಾಲಕ್ಕೆ ಎಷ್ಟು ಜನ ಬಳಸಿದರೂ ಲೈಸೆನ್ಸಿನ ತಕರಾರಿಲ್ಲ. ಎಲ್‌ಟಿಎಸ್‌ಪಿ ಎಂಬ ವ್ಯವಸ್ಥೆಯಲ್ಲಿ ಒಂದು ಗಟ್ಟಿ ಯಂತ್ರದಿಂದ ಉಳಿದ ಹಳೆಯ ಯಂತ್ರಗಳನ್ನು ನೆಟ್‌ವರ್ಕ್ ಮೂಲಕವೇ ಬೂಟ್ ಮಾಡಬಹುದು. ಮಾನಿಟರಿಗೆ ನೇರ ಜೋಡಿಸುವ ನಿಮ್ಮ ಸಾಧನಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅಲ್ಲೇ ಹೆಚ್ಚಿನವು ಸೋಲುತ್ತವೆ.

ಪ್ರಶ್ನೆ: ಕಾಲೇಜಿನಲ್ಲಿ ಕೆಎಂಎಸ್ (ವಾಲ್ಯೂಮ್ ಲೈಸೆನ್ಸಿನ ಯಂತ್ರಗಳನ್ನು ಆಕ್ಟಿವೇಟ್ ಮಾಡುವ) ಸರ್ವರ್ ಇದೆ. 40 ಯಂತ್ರದ ಹೊಸ ಲ್ಯಾಬಿಗೆ ಇಮೇಜ್ ಹಾಕಿದೆವು. ಒಂದೂ ಆಕ್ಟಿವೇಟ್ ಆಗುತ್ತಿಲ್ಲ, ಕೊನೆಗೆ ಎಫ್038 ಎಂದಿರುವ ದೋಷ ಬರುತ್ತದೆ. ಇನ್ನೊಂದು ಹಳೆಯ ಲ್ಯಾಬಿನ ಕೆಲವು ಯಂತ್ರಗಳಲ್ಲಿ ಎಫ್074 ಬರುತ್ತದೆ. (ಇಂಜಿನಿಯರಿಂಗ್ ಕಾಲೇಜು ಲ್ಯಾಬ್ ಬೋಧಕರು, ಹುಬ್ಬಳ್ಳಿ)

ಎರಡೂ ಬೇರೆ ಬೇರೆ ಕಾಯಿಲೆ.

ಎಫ್038 ಎಂದರೆ ಎಣಿಕೆ ಸಾಲದು. ಡೆಸ್ಕ್‌ಟಾಪ್ ವಿಂಡೋಸ್‌ಗೆ ಕನಿಷ್ಠ 25 ಬೇರೆ ಬೇರೆ ಯಂತ್ರಗಳು ಕೇಳಿಕೊಂಡು ಬರುವವರೆಗೆ ಕೆಎಂಎಸ್ ಯಾರಿಗೂ ಆಕ್ಟಿವೇಷನ್ ಕೊಡುವುದಿಲ್ಲ. ಸರ್ವರ್ ಮತ್ತು ಆಫೀಸ್‌ಗೆ ಈ ಮಿತಿ 5. ನಿಮ್ಮಲ್ಲಿ 40 ಇವೆ, ಆದರೂ ಸಾಲದು ಎನ್ನುತ್ತದೆ ಎಂದರೆ ಇಮೇಜ್ ತೆಗೆಯುವ ಮುನ್ನ ಸಿಸ್‌ಪ್ರೆಪ್ ಓಡಿಸಿ ಜನರಲೈಸ್ ಮಾಡಿಲ್ಲ (ಮೂಲ ಯಂತ್ರದ ಗುರುತು ಅಳಿಸಿಲ್ಲ). ಪ್ರತಿ ಯಂತ್ರಕ್ಕೂ ಸಿಎಂಐಡಿ ಎಂಬ ಗುರುತು ಇರುತ್ತದೆ. ಜನರಲೈಸ್ ಮಾಡದ ಇಮೇಜಿನಲ್ಲಿ ಆ ಗುರುತೂ ನಕಲಾಗುತ್ತದೆ, 40 ಯಂತ್ರವೂ ಕೆಎಂಎಸ್ ಕಣ್ಣಿಗೆ ಒಂದೇ. ಕೆಎಂಎಸ್ ಹೋಸ್ಟ್ ಮೇಲೆ ಅದೇ ಎಸ್ಎಲ್ಎಂಜಿಆರ್ ಕಮಾಂಡಿಗೆ ಓರೆಗೆರೆ ಡಿ-ಎಲ್-ವಿ ಹಾಕಿ ನೋಡಿ, ಕರೆಂಟ್ ಕೌಂಟ್ ಎಂಬಲ್ಲಿ ಸಂಖ್ಯೆ ಏರದೆ ನಿಂತಿರುತ್ತದೆ. ಸರಿಪಡಿಸಲು ಪ್ರತಿ ಯಂತ್ರದಲ್ಲಿ ಅಡ್ಮಿನ್ ಆಗಿ ಓರೆಗೆರೆ ರಿಆರ್ಮ್ ಹಾಕಿ, ರೀಸ್ಟಾರ್ಟ್ ಮಾಡಿ, ಓರೆಗೆರೆ ಎ-ಟಿ-ಓ ಹಾಕಿ. ಮೊದಲ 24 ಯಂತ್ರದಲ್ಲಿ ಇದೇ ದೋಷ ಮತ್ತೆ ಬರುತ್ತದೆ, ಹೆದರಬೇಡಿ. ಇಪ್ಪತ್ತೈದನೆಯದು ಕೇಳಿದ ಮೇಲೆ ಕೊಡತೊಡಗುತ್ತದೆ. ಹಿಂದಿನವಕ್ಕೆ ಮತ್ತೊಮ್ಮೆ ಎ-ಟಿ-ಓ ಹಾಕಿದರಾಯಿತು. ರಿಆರ್ಮ್ ಎಷ್ಟು ಸಲ ಬೇಕಾದರೂ ಮಾಡುವಂತಿಲ್ಲ, ಆದ್ದರಿಂದ ಮುಂದಿನ ಸಲ ಮೂಲ ಇಮೇಜನ್ನೇ ಸಿಸ್‌ಪ್ರೆಪ್ ಮಾಡಿ ತೆಗೆಯಿರಿ.

ಎಫ್074 ಎಂದರೆ ಕೆಎಂಎಸ್ ಹೋಸ್ಟ್ ಸಿಗುತ್ತಿಲ್ಲ, ಅಥವಾ ಸಿಕ್ಕರೂ ಮಾತು ಹೊಂದುತ್ತಿಲ್ಲ. ಹಳೆಯ ಲ್ಯಾಬ್ ಎಂದಿದ್ದೀರಿ, ಹಾಗಾಗಿ ಮೊದಲು ಗಡಿಯಾರ ನೋಡಿ. ಹೋಸ್ಟ್ ಮತ್ತು ಯಂತ್ರದ ಸಮಯದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿದ್ದರೆ ಆಕ್ಟಿವೇಷನ್ ಆಗದು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ದಿನಾಂಕ ಹಳೆಯ ವರ್ಷಕ್ಕೆ ಹಾರುತ್ತದೆ. ಬ್ಯಾಟರಿ ಬದಲಿಸಿ, ಬಯೋಸ್‌ನಲ್ಲಿ ದಿನಾಂಕ ತಿದ್ದಿ ಮತ್ತೆ ಪ್ರಯತ್ನಿಸಿ. ಸಮಯ ಸರಿಯಿದ್ದರೆ ಟಿಸಿಪಿ ಪೋರ್ಟ್ 1688 ಫೈರ್‌ವಾಲ್‌ನಲ್ಲಿ ತೆರೆದಿದೆಯೇ ನೋಡಿ. ಹಾಸ್ಟೆಲ್, ಗ್ರಂಥಾಲಯದಂಥ ನೆಟ್‌ವರ್ಕಿನ ಬೇರೆ ಭಾಗ, ಅಂದರೆ ಬೇರೆ ವಿಎಲ್ಯಾನ್‌ನಲ್ಲಿರುವ ಯಂತ್ರಗಳಲ್ಲಿ ಸಮಸ್ಯೆ ಬರುವುದು ಹೆಚ್ಚಾಗಿ ಅಲ್ಲೇ. ಡಿಎನ್ಎಸ್‌ನಲ್ಲಿ ಕೆಎಂಎಸ್‌ನ ದಾಖಲೆ ಹಳೆಯ ಸರ್ವರಿನ ಹೆಸರನ್ನೇ ತೋರಿಸುತ್ತಿದ್ದರೂ ಇದೇ ದೋಷ.

ಕೆಎಂಎಸ್ ಆಕ್ಟಿವೇಷನ್ 180 ದಿನ ಬಾಳುತ್ತದೆ, ಯಂತ್ರ ಏಳು ದಿನಕ್ಕೊಮ್ಮೆ ನವೀಕರಿಸಲು ಪ್ರಯತ್ನಿಸುತ್ತದೆ. ಬೇಸಿಗೆ ರಜೆ ಎರಡು ತಿಂಗಳಾದರೂ ಏನೂ ಆಗದು. ಆದರೆ 30 ದಿನ ಸಂಪರ್ಕಕ್ಕೆ ಬಾರದ ಯಂತ್ರಗಳನ್ನು ಹೋಸ್ಟ್ ತನ್ನ ಎಣಿಕೆಯಿಂದ ಬಿಡುತ್ತದೆ. ರಜೆ ಮುಗಿದ ಮೊದಲ ದಿನ ನಾಲ್ಕೇ ಯಂತ್ರ ಹಚ್ಚಿ ನೋಡಿ ಎಫ್038 ಬಂತೆಂದು ಗಾಬರಿಯಾಗಬೇಡಿ. ಇಡೀ ಲ್ಯಾಬ್ ಹಚ್ಚಿ.

ಒಟ್ಟು ಯಂತ್ರ 25ಕ್ಕಿಂತ ಕಡಿಮೆ ಇರುವ ವಿಭಾಗಗಳಿಗೆ ಮ್ಯಾಕ್ ಕೀ (ಮೈಕ್ರೋಸಾಫ್ಟ್‌ನಿಂದ ನೇರ ಆಕ್ಟಿವೇಟ್ ಆಗುವ ವಾಲ್ಯೂಮ್ ಕೀ) ಸರಿ. ಅದರಲ್ಲಿ ಪ್ರತಿ ಆಕ್ಟಿವೇಷನ್‌ಗೂ ಒಂದು ಎಣಿಕೆ ಖರ್ಚಾಗುತ್ತದೆ. ಸೆಮಿಸ್ಟರಿಗೊಮ್ಮೆ ಫಾರ್ಮ್ಯಾಟ್ ಮಾಡುವ ಅಭ್ಯಾಸವಿದ್ದರೆ ಬೇಗ ತೀರಿಹೋಗುತ್ತದೆ.

ಪ್ರಶ್ನೆ: ನಮ್ಮ ಟ್ರಸ್ಟ್ ಪ್ರೌಢಶಾಲೆಯನ್ನೂ ಕಂಪ್ಯೂಟರ್ ತರಬೇತಿ ಕೇಂದ್ರವನ್ನೂ ನಡೆಸುತ್ತದೆ. ಶಾಲೆಯ ಅಕಾಡೆಮಿಕ್ ಲೈಸೆನ್ಸ್ ಕೇಂದ್ರಕ್ಕೂ ಬಳಸಬಹುದೇ? (ಹಾವೇರಿ)

ಬಳಸುವಂತಿಲ್ಲ. ಅಕಾಡೆಮಿಕ್ ದರ ಮಾನ್ಯತೆ ಪಡೆದ ಶಾಲೆ, ಕಾಲೇಜು, ವಿಶ್ವವಿದ್ಯಾಲಯದಂಥ ಸಂಸ್ಥೆಗಳಿಗೆ. ತಾನೇ ಸರ್ಟಿಫಿಕೇಟ್ ಕೊಡುವ ಖಾಸಗಿ ತರಬೇತಿ ಕೇಂದ್ರ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಟ್ರಸ್ಟ್ ಒಂದೇ ಆದರೂ. ಎರಡರ ಯಂತ್ರ, ಬಿಲ್ಲು, ರಿಜಿಸ್ಟರ್ ಬೇರೆ ಬೇರೆ ಇಡಿ.

ಪ್ರಶ್ನೆ: ಕಂಪನಿಯೊಂದು 15 ಹಳೆಯ ಕಂಪ್ಯೂಟರ್ ದಾನ ಕೊಟ್ಟಿದೆ. ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಒಳಗೆ ವಿಂಡೋಸ್ 10 ಎಂಟರ್‌ಪ್ರೈಸ್ ಇದೆ. ಹೀಗೇ ಬಳಸಬಹುದೇ? ವಿಂಡೋಸ್ 11 ಹಾಕಿಸಬಹುದೇ? (ಪ್ರೌಢಶಾಲೆ, ನರಗುಂದ)

ಎಂಟರ್‌ಪ್ರೈಸ್ ಆ ಕಂಪನಿಯ ವಾಲ್ಯೂಮ್ ಒಪ್ಪಂದದ್ದು, ದಾನದ ಜೊತೆ ಬರುವುದಿಲ್ಲ. ಅದನ್ನು ಅಳಿಸಲೇಬೇಕು. ಆದರೆ ಯಂತ್ರ ಕೊಂಡಾಗ ಬಂದ ತಯಾರಕರ ಲೈಸೆನ್ಸ್, ಆಫೀಸಿನ ಯಂತ್ರಗಳಲ್ಲಿ ಹೆಚ್ಚಾಗಿ ಪ್ರೊ, ಯಂತ್ರದ ಜೊತೆಯೇ ಬರುತ್ತದೆ. ಫರ್ಮ್‌ವೇರ್ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು ಹೊಸದಾಗಿ ಹಾಕಿ. ಕಂಪನಿಯಿಂದ ಸೀರಿಯಲ್ ನಂಬರುಗಳ ಪಟ್ಟಿ ಇರುವ ದಾನಪತ್ರವನ್ನೂ ಪಡೆಯಿರಿ.

ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನ ಇಂಟೆಲ್ ಅಥವಾ ಹೊಸದು, ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ನಿಮ್ಮ ಪ್ರೊಸೆಸರ್ ಪಟ್ಟಿಯಲ್ಲಿಲ್ಲ. ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಇಲ್ಲ. ಶಾಲೆಯ ಯಂತ್ರಕ್ಕೆ ಅದು ಬೇಡ.

ಹಾಗಾದರೆ ಏನು? ವಿಂಡೋಸ್ 10 ಉಳಿಸಿಕೊಂಡು ವಿಸ್ತೃತ ಭದ್ರತಾ ಅಪ್‌ಡೇಟ್ ಕೊಳ್ಳುವುದು ಒಂದು. ಶಿಕ್ಷಣ ಸಂಸ್ಥೆಗಳಿಗೆ ಇದರ ದರ ಪ್ರತಿ ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಹದಿನೈದು ಯಂತ್ರಕ್ಕೆ ಮೂರು ವರ್ಷ ಸೇರಿ 105 ಡಾಲರ್, ಮೇಲೆ ತೆರಿಗೆ. ಕಂಪನಿಗಳಿಗೆ ಮೊದಲ ವರ್ಷವೇ ಒಂದು ಯಂತ್ರಕ್ಕೆ 61 ಡಾಲರ್ ಎಂಬುದನ್ನು ನೋಡಿದರೆ ಇದು ದೊಡ್ಡ ರಿಯಾಯಿತಿ. ವಾಲ್ಯೂಮ್ ಮಾರಾಟಗಾರರ ಬಳಿ 'ಶಿಕ್ಷಣ ದರ' ಎಂದು ಬಾಯಿಬಿಟ್ಟು ಕೇಳಿ. ವಿಂಡೋಸ್ 10 ಅದರ ಕೊನೆಯ ಆವೃತ್ತಿಯಾದ 22ಎಚ್2ಗೆ ಬಂದಿರಬೇಕು. ತಡವಾಗಿ ಸೇರಿದರೆ ಹಿಂದಿನ ವರ್ಷದ್ದನ್ನೂ ಕಟ್ಟಬೇಕು.

ಇನ್ನೊಂದು ದಾರಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು. 8 ಜಿಬಿ ರ‍್ಯಾಮ್ ಇರುವ ಆರನೇ ತಲೆಮಾರಿನ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ. 24.04 ಎಲ್‌ಟಿಎಸ್‌ಗೆ 2029ರವರೆಗೆ ಸಾಮಾನ್ಯ ಬೆಂಬಲವಿದೆ, ಎಷ್ಟು ಯಂತ್ರಕ್ಕೆ ಬೇಕಾದರೂ ಹಾಕಬಹುದು, ಮಕ್ಕಳು ಮನೆಗೂ ಒಯ್ಯಬಹುದು. ಲಿಬ್ರೆಆಫೀಸ್, ಜಿಯೋಜಿಬ್ರಾ, ಜಿಕಾಂಪ್ರಿ, ಪೈಥಾನ್ ಎಲ್ಲ ಸಿಗುತ್ತವೆ. ಕೇರಳದ ಸರ್ಕಾರಿ ಶಾಲೆಗಳು ಐಟಿ ಪಾಠವನ್ನು ವರ್ಷಗಳಿಂದ ಗ್ನು-ಲಿನಕ್ಸ್ ಮೇಲೆಯೇ ನಡೆಸುತ್ತಿವೆ. ಟ್ಯಾಲಿ ಬೇಕಾದಲ್ಲಿ, ಕಚೇರಿಯ ಕೆಲಸಕ್ಕೆ, ಎರಡು-ಮೂರು ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಳ್ಳಿ. ಕ್ರೋಮ್‌ಓಎಸ್ ಫ್ಲೆಕ್ಸ್ ಕೂಡ ಉಚಿತ, 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಸಾಕು. ಆದರೆ ಇಂಟರ್‌ನೆಟ್ ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಅದನ್ನು ನಾವು ಸೂಚಿಸುವುದಿಲ್ಲ.

ಕನ್ನಡ ಟೈಪಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನುಡಿ ತಂತ್ರಾಂಶ ವಿಂಡೋಸ್‌ನದು, ಆದರೆ ಅದರ ಕೀಲಿಮಣೆ ವಿನ್ಯಾಸ ಉಬುಂಟುವಿನಲ್ಲೇ ಇದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸ್ ಸೇರಿಸುವಾಗ ಕನ್ನಡ ಆರಿಸಿ, ಕಗಪ ಎಂಬುದನ್ನು ಒತ್ತಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಮಾತ್ರ ಅಲ್ಲಿ ಕಲಸಿಹೋಗಿ ಕಾಣುತ್ತವೆ. ಅವನ್ನು ವಿಂಡೋಸ್ ತೆಗೆಯುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಪಾಠಕ್ಕಾಗಿ ಪ್ರತಿ ಮಾಡಿಕೊಂಡರೆ ಕೃತಿಸ್ವಾಮ್ಯ ಕಾಯ್ದೆ ಅಡ್ಡಬರುವುದಿಲ್ಲ ಎನ್ನುತ್ತಾರೆ. ನಿಜವೇ? (ಬಿ.ಇಡಿ ವಿದ್ಯಾರ್ಥಿನಿ, ಧಾರವಾಡ)

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಬೋಧನೆಯ ಹಾದಿಯಲ್ಲಿ ಶಿಕ್ಷಕರೋ ವಿದ್ಯಾರ್ಥಿಯೋ ಕೃತಿಯನ್ನು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಪಾಠಕ್ಕೆ ಬೇಕಾದ ಪುಟಗಳ ಝೆರಾಕ್ಸ್‌ನಂಥವು ಅದರಲ್ಲಿ ಬರುತ್ತವೆ. ಲ್ಯಾಬಿನ ಯಂತ್ರ ನಡೆಸಲು ಆಪರೇಟಿಂಗ್ ಸಿಸ್ಟಂ ತುಂಬುವುದನ್ನು ಅದರಡಿ ತರಲಾಗದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದೇ ಸೆಕ್ಷನ್ ತಂತ್ರಾಂಶದ ಬಗ್ಗೆ ಬೇರೆಯಾಗಿಯೇ ಮಾತಾಡುತ್ತದೆ: ಕಾನೂನುಬದ್ಧವಾಗಿ ಪಡೆದವರು ಸುರಕ್ಷತೆಗಾಗಿ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಬಹುದು. ಇನ್ನು 63ಬಿ ಸೆಕ್ಷನ್ ಪ್ರಕಾರ ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲ ಎಂದಾದರೆ ನ್ಯಾಯಾಲಯ ಸೆರೆವಾಸ ಬಿಟ್ಟು 50 ಸಾವಿರದವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಶಾಲೆಗೆ ಸಿಗುವ ವಿನಾಯಿತಿ ಅಷ್ಟೇ.

ಪ್ರಶ್ನೆ: ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಹೊಸದು ಹಾಕಿಸಿದೆವು. ವಿಂಡೋಸ್ ಈಗ ಲೈಸೆನ್ಸ್ ಕೇಳುತ್ತಿದೆ. (ಕುಂದಗೋಳ)

ತಯಾರಕರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಕೆಟ್ಟುಹೋದದ್ದಕ್ಕೆ ಬದಲಾಗಿ ತಯಾರಕರ ಸೇವಾ ಕೇಂದ್ರವೇ ಅದೇ ಮಾದರಿಯ ಅಥವಾ ಸಮಾನವಾದ ಬೋರ್ಡ್ ಹಾಕಿದ್ದರೆ ಹೊಸ ಲೈಸೆನ್ಸ್ ಬೇಕಿಲ್ಲ. ಬೋರ್ಡಿಗೆ ಹಳೆಯ ಕೀ ಬರೆದುಕೊಡುವ ಸಾಧನ ಅವರಲ್ಲಿರುತ್ತದೆ. ಯಂತ್ರ ವಾಪಸ್ ತರುವ ಮೊದಲು ಅಲ್ಲೇ ಆಕ್ಟಿವೇಷನ್ ತೋರಿಸಲು ಹೇಳಿ. ಹೊರಗಿನ ಅಂಗಡಿಯಲ್ಲಿ ಬೇರೆ ಕಂಪನಿಯ ಬೋರ್ಡ್ ಹಾಕಿಸಿದ್ದರೆ ಲೆಕ್ಕದಲ್ಲಿ ಅದು ಹೊಸ ಯಂತ್ರ, ಹಳೆಯ ಲೈಸೆನ್ಸ್ ಮುಗಿಯಿತು. ರಿಟೇಲ್ ಪೆಟ್ಟಿಗೆಯಲ್ಲಿ ಕೊಂಡ ವಿಂಡೋಸ್ ಆಗಿದ್ದರೆ ಮಾತ್ರ ಹೊಸ ಬೋರ್ಡಿಗೆ ಒಯ್ಯಬಹುದು. ರಿಜಿಸ್ಟರಿನ ಆ ಸಾಲನ್ನು ಹೊಡೆದುಹಾಕಿ, ಹೊಸ ಬೋರ್ಡಿನ ಬಿಲ್ಲಿನ ನಂಬರಿನೊಂದಿಗೆ ಹೊಸ ಸಾಲು ಬರೆಯಿರಿ.